ಗೊಂಬೆ ಹಬ್ಬಕ್ಕೆ ಬಂದ ತಣ್ಣನೆ ಬೆಳಕು

ಚನ್ನಪಟ್ಟಣದ ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದರೆ ಅಜ್ಜಿಗೆ ಹರಳೆಣ್ಣೆ ದೀಪವೇ ಸಾಕಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ನಮ್ಮ ಸುತ್ತಿನ ಹಳ್ಳಿಗಳ ಜಾತ್ರೆ, ನಾಟಕಗಳಿಗೆ ಆಮೇಲೂ ಬಹುಕಾಲ ಪೆಟ್ರೋಮ್ಯಾಕ್ಸೇ ಆಸರೆ.

ನಾನು ಹುಡುಗನಾಗಿದ್ದಾಗ ಗೊಂಬೆಗಳ ಹತ್ತಿರವೇ ಅರವತ್ತು ವಾಟಿನ ಬಲ್ಬ್ ಕಟ್ಟಿದ್ದೆ. ನಮ್ಮೂರ ಬಣ್ಣವೆಂದರೆ ಅರಗು. ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಕರಗಿ ಅಂಟುತ್ತದೆ. ಬಲ್ಬಿನ ಕಾವಿಗೂ ಅದು ಮೆತ್ತಗಾಯಿತು. ರಾಜನ ಪೇಟ ಬೆರಳಿಗೆ ಅಂಟಿದಾಗ ಅಜ್ಜಿ ಮರುಗಿದ್ದು ಇನ್ನೂ ನೆನಪಿದೆ.

ಗೊಂಬೆಯನ್ನು ಅಷ್ಟು ಕಾಯಿಸದ ಬೆಳಕಿಗೆ ದಾರಿಯಾದದ್ದು ಆಮೇಲೆ: 1990ರ ದಶಕದಲ್ಲಿ ಜಪಾನಿನಲ್ಲಿ ಪ್ರಖರ ನೀಲಿ ಎಲ್‌ಇಡಿ ಸಿದ್ಧವಾಯಿತು. ಅದರಿಂದಲೇ ಬಿಳಿ ಎಲ್‌ಇಡಿ ಹುಟ್ಟಿತು. 2014ರ ಭೌತಶಾಸ್ತ್ರ ನೊಬೆಲ್ ಸಂದದ್ದು ಆ ನೀಲಿಗೇ. ಈಗ ನಾನೇ ದೀಪ ಮಾಡುತ್ತೇನೆ: ಸಾಲಾಗಿ ಬೆಸೆದ ಮೂರು ಬಿಳಿ ಎಲ್‌ಇಡಿ, 120 ಓಮ್‌ನ ಒಂದು ರೆಸಿಸ್ಟರ್, 12 ವೋಲ್ಟಿನ ಬ್ಯಾಟರಿ, ಬೆಳಕು ಚದುರದಂತೆ ಕಪ್ಪು ಬಳಿದ ಪೈಪಿನ ತುಂಡು. ಬೆಳಕನ್ನು ಓರೆಯಾಗಿ ಬಿಟ್ಟರೆ ಗೊಂಬೆಗಳ ಮೇಲೆ ತಾಳೆಗರಿಯಿಂದ ಉಜ್ಜಿ ಬರಿಸಿದ ಹೊಳಪು ಜೀವ ತಳೆಯುತ್ತದೆ. ಅರಗು ಕರಗುವುದಿಲ್ಲ. ಅಜ್ಜಿಯ ಹಣತೆಯೂ ಪಕ್ಕದಲ್ಲೇ ಉರಿಯುತ್ತದೆ.