ದೈಹಿಕ ಶಿಕ್ಷಣ ಶಿಕ್ಷಕ (ಬಳ್ಳಾರಿ ಜಿಲ್ಲೆ)

ಶಾಲೆಯಲ್ಲಿ ಆಟ, ವ್ಯಾಯಾಮ ಕಲಿಸುವವರು. ಜನರ ಬಾಯಲ್ಲಿ ಡ್ರಿಲ್ ಮಾಸ್ತರು, ಪಿ.ಟಿ. ಸರ್. ಕಾಲೇಜು ತಂಡಗಳಲ್ಲಿ ಫುಟ್‌ಬಾಲ್ ಮುಂತಾದ ಆಟ ಆಡಿದವರು ಬಿ.ಪಿ.ಎಡ್. ಮುಗಿಸಿ ಈ ವೃತ್ತಿಗೆ ಬರುವುದುಂಟು.

ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಭಾರತದಲ್ಲಿ ಈ ವೃತ್ತಿಯ ತರಬೇತಿಗೆ ಬುನಾದಿ ಬಿದ್ದದ್ದೂ ಮದ್ರಾಸಿನಲ್ಲೇ: ಅಮೆರಿಕದಿಂದ ಬಂದ ಹ್ಯಾರಿ ಕ್ರೋ ಬಕ್ 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿನ ಭಾರತ ತಂಡದ ಜತೆಗೂ ಅವರು ದುಡಿದರು. ಆಟವನ್ನು ಪಾಠದಷ್ಟೇ ಗಂಭೀರವಾಗಿ ಕಂಡ ಅವರ ದೃಷ್ಟಿ ಇಂದಿಗೂ ಬೇಕಾದದ್ದು.

ಉನ್ನತ ಓದಿಗೆ ಬಳ್ಳಾರಿಯಲ್ಲೇ ವೀರಶೈವ ಕಾಲೇಜು (1945), 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇವೆ. ಸಂವಿಧಾನದ 371(ಜೆ) ವಿಧಿಯಡಿ ಸರ್ಕಾರಿ ನೇಮಕಾತಿಯಲ್ಲಿ ಸ್ಥಳೀಯರಿಗೆ ಮೀಸಲಾತಿಯಿದೆ.

ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಹಳ್ಳಿ ಶಾಲೆಗಳಲ್ಲಿ ಫುಟ್‌ಬಾಲಿಗಿಂತ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಸುಲಭ. ಹನ್ನೊಂದು ಜನರ ತಂಡಕ್ಕೆ ಬೇಕಾದ ದೊಡ್ಡ ಬಯಲು ಎಲ್ಲೆಡೆ ಸಿಗದು. ಬಿರುಬೇಸಿಗೆಯಲ್ಲಿ ಅಭ್ಯಾಸಕ್ಕೆ ಮುಂಜಾನೆ, ಸಂಜೆಯೇ ಗತಿ. ಚೆಂಡು ತನ್ನ ಬಳಿ ಇಲ್ಲದಾಗ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂಬುದನ್ನು ಸ್ವತಃ ಆಡಿದ ಶಿಕ್ಷಕರು ಕಲಿಸುವ ರೀತಿಯೇ ಬೇರೆ. ಮಕ್ಕಳನ್ನು ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳಿಗೆ ಸಜ್ಜುಗೊಳಿಸಿ ಕರೆದೊಯ್ಯುವುದೂ ಇವರದೇ ಹೊಣೆ. ಶಾಲಾ ಫುಟ್‌ಬಾಲಿನ ರಾಷ್ಟ್ರೀಯ ವೇದಿಕೆಯಾದ ಸುಬ್ರತೋ ಕಪ್ 1960ರಿಂದ ನಡೆಯುತ್ತಿದೆ.