ರೈಲು, ನೀರು ಮತ್ತು ಸೈಕಲ್: ಇಳಿಜಾರಿನ ಒಂದು ಚರಿತ್ರೆ

ಮುನವಳ್ಳಿಯ ಸುತ್ತಮುತ್ತ ಸೈಕಲ್ ತುಳಿದು ಬೆಳೆದವರಿಗೆ ಎರಡು ಬಗೆಯ ದಾರಿಗಳು ಗೊತ್ತು. ಒಂದು ಡಾಂಬರು ರಸ್ತೆ. ಇನ್ನೊಂದು, ನಮ್ಮ ಕಡೆ ‘ಕೆನಾಲ್’ ಎಂದೇ ಕರೆಯುವ ಮಲಪ್ರಭಾ ಕಾಲುವೆಯ ದಂಡೆ. ರಸ್ತೆಯಲ್ಲಿ ದೂರ ಕಡಿಮೆ, ಆದರೆ ದಿಣ್ಣೆ ಬಂದಾಗ ಇಳಿದು ತಳ್ಳಬೇಕು. ಕಾಲುವೆಯ ದಂಡೆ ಸುತ್ತಿ ಬಳಸಿ ಹೋದರೂ ಇಳಿದು ತಳ್ಳುವ ಪ್ರಸಂಗವೇ ಬರುವುದಿಲ್ಲ. ಶಾಲೆಗೆ ಹೋಗುವಾಗ ಇದು ಏಕೆಂದು ನಾನು ಕೇಳಿಕೊಂಡಿರಲಿಲ್ಲ. ಭೌತಶಾಸ್ತ್ರ ಪಾಠ ಮಾಡತೊಡಗಿದ ಮೇಲೆ ಇಳಿಜಾರಿನ ಲೆಕ್ಕ ಬಿಡಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ.

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಸ್ಪೇನ್, ಫ್ರಾನ್ಸ್, ಇಟಲಿಗಳಲ್ಲಿ ಇಂದು ಮೋಟಾರು ವಾಹನಗಳಿಲ್ಲದ ಉದ್ದನೆಯ ಸೈಕಲ್ ದಾರಿಗಳಿವೆ. ಆಲಿವ್ ತೋಟ, ದ್ರಾಕ್ಷಿ ತೋಟಗಳ ನಡುವೆ ದಿನಗಟ್ಟಲೆ ಸಾಗುವ ಈ ದಾರಿಗಳಲ್ಲಿ ಬಹಳಷ್ಟನ್ನು ಸೈಕಲ್ಲಿಗಾಗಿ ಕಟ್ಟಿದ್ದಲ್ಲ ಎಂಬುದು ಕುತೂಹಲದ ಸಂಗತಿ. ಒಂದನ್ನು ರೈಲಿಗಾಗಿ ಕಟ್ಟಿದರು, ಒಂದನ್ನು ದೋಣಿ ಎಳೆಯುವ ಕುದುರೆಗಾಗಿ, ಮತ್ತೊಂದನ್ನು ಕುಡಿಯುವ ನೀರಿಗಾಗಿ. ಈ ಮೂರಕ್ಕೂ ಬೇಕಾದದ್ದು ಒಂದೇ: ಸೌಮ್ಯವಾದ ಇಳಿಜಾರು.

ಒಂದು ಚಿಕ್ಕ ಲೆಕ್ಕ

ಸೈಕಲ್ ಮತ್ತು ಸವಾರ ಸೇರಿ 80 ಕಿ.ಗ್ರಾಂ. ಇದ್ದಾರೆ, ವೇಗ ಗಂಟೆಗೆ 15 ಕಿ.ಮೀ. ಎಂದುಕೊಳ್ಳೋಣ. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಲಿಯ ಉರುಳು ಘರ್ಷಣೆ ಸುಮಾರು 6 ನ್ಯೂಟನ್. ಗಾಳಿಯ ತಡೆಯೂ ಹೆಚ್ಚು ಕಡಿಮೆ ಅಷ್ಟೇ. ಇವೆರಡನ್ನೂ ಮೀರಿ ಸಾಗಲು 50 ವ್ಯಾಟ್ ಸಾಮರ್ಥ್ಯ ಸಾಕು. ಸಾಧಾರಣ ಆರೋಗ್ಯವಂತನೊಬ್ಬ ಇಷ್ಟನ್ನು ಗಂಟೆಗಟ್ಟಲೆ ಕೊಡಬಲ್ಲ.

ಈಗ ದಾರಿ 50 ಮೀಟರಿಗೆ 1 ಮೀಟರಿನಂತೆ ಏರಲಿ. ಕಣ್ಣಿಗೆ ಅದು ಏರೆಂದೇ ತೋರುವುದಿಲ್ಲ. ಆದರೆ ಗುರುತ್ವ ಬಲದ ಪಾಲು ಸುಮಾರು 16 ನ್ಯೂಟನ್ ಸೇರಿ, ಬೇಕಾದ ಸಾಮರ್ಥ್ಯ 115 ವ್ಯಾಟ್ ದಾಟುತ್ತದೆ. 20ಕ್ಕೆ 1ರ ಏರಿನಲ್ಲಿ ಅದೇ ವೇಗ ಬೇಕೆಂದರೆ 200 ವ್ಯಾಟಿಗೂ ಹೆಚ್ಚು ಬೇಕು. ನಮ್ಮಂಥವರು ಇಳಿದು ತಳ್ಳುವುದು ಇಲ್ಲಿಯೇ. ಇನ್ನು ದೊಡ್ಡ ನೀರಾವರಿ ಕಾಲುವೆಗಳ ಇಳಿಜಾರು ಸಾಮಾನ್ಯವಾಗಿ ಸಾವಿರಾರು ಮೀಟರಿಗೆ ಒಂದೇ ಮೀಟರು. 5000ಕ್ಕೆ 1 ಎಂದು ಹಿಡಿದರೆ ಗುರುತ್ವ ಕೇಳುವ ಹೆಚ್ಚಿನ ಸಾಮರ್ಥ್ಯ ಒಂದು ವ್ಯಾಟನ್ನೂ ಮುಟ್ಟುವುದಿಲ್ಲ. ಕಾಲುವೆಯ ದಂಡೆಯಲ್ಲಿ ದಣಿವಾಗದಿರುವ ಗುಟ್ಟು ಇದು.

ದೋಣಿ ಎಳೆದ ಕುದುರೆಯ ದಾರಿ

ಈ ಮೂರರಲ್ಲಿ ಹಳೆಯದು ದಕ್ಷಿಣ ಫ್ರಾನ್ಸಿನ ಮಿಡಿ ಕಾಲುವೆ. ಪಿಯರ್ ಪಾಲ್ ರಿಕೆ ಎಂಬವನು 1666ರಲ್ಲಿ ಆರಂಭಿಸಿದ ಈ ಕೆಲಸ 1681ರಲ್ಲಿ ಮುಗಿಯಿತು. ಅದನ್ನು ನೋಡಲು ಅವನು ಬದುಕಿರಲಿಲ್ಲ. ಟುಲೂಸ್ ಪಟ್ಟಣವನ್ನು ಮೆಡಿಟರೇನಿಯನ್ ತೀರಕ್ಕೆ ಜೋಡಿಸುವ ಇದರ ಉದ್ದ ಸುಮಾರು 240 ಕಿ.ಮೀ. ದೋಣಿಯನ್ನು ಹಗ್ಗ ಕಟ್ಟಿ ಕುದುರೆಗಳು ಎಳೆಯುತ್ತಿದ್ದುದರಿಂದ ದಂಡೆಯುದ್ದಕ್ಕೂ ದಾರಿ ಬೇಕಾಯಿತು. ನೆಲ ಏರಿಳಿಯುವಲ್ಲಿ ಬಾಗಿಲುಗಳಿರುವ ಕಟ್ಟೆಗಳಿಂದ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದರು. ಹೀಗಾಗಿ ಎರಡು ಕಟ್ಟೆಗಳ ನಡುವಿನ ದಂಡೆ ನೀರಿನಷ್ಟೇ ಮಟ್ಟ. ಕುದುರೆ ಹೋಯಿತು, ಸರಕಿನ ದೋಣಿಯೂ ನಿಂತಿತು, ದಾರಿ ಉಳಿಯಿತು. 1996ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಳಿ ಕಿತ್ತ ಮೇಲೆ

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಸುಲಭವಾಗಿ ಉರುಳುತ್ತದೆ. ಆದರೆ ಹಿಡಿತ ಕಡಿಮೆಯಾದ್ದರಿಂದ ಏರು ಕಡಿದಾದರೆ ಎಂಜಿನ್ನಿನ ಗಾಲಿ ಜಾರುತ್ತದೆ. ಆದ್ದರಿಂದಲೇ ಎಂಜಿನಿಯರುಗಳು ಬೆಟ್ಟ ಅಡ್ಡ ಬಂದರೆ ಸುರಂಗ ಕೊರೆದರು, ಕಣಿವೆ ಬಂದರೆ ಸೇತುವೆ ಕಟ್ಟಿದರು. ರೈಲಿಗೆ ಒಪ್ಪುವ 100ಕ್ಕೆ 1ರ ಏರಿನಲ್ಲಿ ನಮ್ಮ ಸವಾರನಿಗೆ ಬೇಕಾಗುವುದು ಸುಮಾರು 83 ವ್ಯಾಟ್. ಅಂದರೆ ಏರಿದ್ದರೂ ತುಳಿಯಬಹುದು.

ಸ್ಪೇನಿನಲ್ಲಿ ಗಣಿಗಳಿಗೂ ಆಲಿವ್ ಎಣ್ಣೆಗೂ ಹಾಕಿದ ಅನೇಕ ಮಾರ್ಗಗಳು ಲಾರಿಗಳ ಪೈಪೋಟಿಯಲ್ಲಿ ಸೋತವು. 1985ರ ಜನವರಿ 1ರಂದು ನಷ್ಟದ ಹಲವು ಮಾರ್ಗಗಳನ್ನು ಒಟ್ಟಿಗೆ ಮುಚ್ಚಲಾಯಿತು. 1993ರಲ್ಲಿ ಲೆಕ್ಕ ಹಾಕಿದಾಗ ಹೀಗೆ ಪಾಳುಬಿದ್ದ ಮಾರ್ಗಗಳು 7,600 ಕಿ.ಮೀ.ಗೂ ಹೆಚ್ಚಿದ್ದವು, ಅವುಗಳಲ್ಲಿ ಸುಮಾರು ಐನೂರು ಸುರಂಗಗಳಿದ್ದವು. ಆ ವರ್ಷ ಆರಂಭವಾದ ‘ವಿಯಾಸ್ ವೆರ್ದೆಸ್’, ಅಂದರೆ ಹಸಿರು ದಾರಿಗಳು ಎಂಬ ಕಾರ್ಯಕ್ರಮ ಹಳಿಯ ಜಾಗವನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ತೆರೆಯಿತು. ಇಂದು ಇಂಥ ದಾರಿಗಳ ಒಟ್ಟು ಉದ್ದ 3,000 ಕಿ.ಮೀ. ಮೀರಿದೆ. ಆಂದಲೂಸಿಯಾದ ‘ಸಿಯೆರಾ’ ದಾರಿಯ ಕಥೆ ಇನ್ನೂ ವಿಚಿತ್ರ. ಅದರ 36 ಕಿ.ಮೀ.ಯಲ್ಲಿ 30 ಸುರಂಗಗಳಿವೆ, ಆದರೆ ಒಂದೇ ಒಂದು ರೈಲೂ ಅಲ್ಲಿ ಓಡಲಿಲ್ಲ. 1920ರ ದಶಕದಲ್ಲಿ ಹಿಡಿದ ಕೆಲಸ ಅರ್ಧಕ್ಕೇ ನಿಂತಿತ್ತು.

ಇಲ್ಲೊಂದು ಮಾತು ಗಮನಿಸಬೇಕು. ರೈಲನ್ನು ಹಳಿಯಿಂದ ಓಡಿಸಿದ ಲಾರಿಯೇ ಸೈಕಲ್ ಸವಾರನನ್ನು ರಸ್ತೆಯಿಂದ ಓಡಿಸಿತು. ಇಬ್ಬರು ಸೋತವರಲ್ಲಿ ಒಬ್ಬನ ಜಾಗ ಇನ್ನೊಬ್ಬನಿಗೆ ಸಿಕ್ಕಿತು.

ನೀರು ಇನ್ನೂ ಹರಿಯುತ್ತಿರುವಾಗ

ನಮಗೆ ಎಲ್ಲಕ್ಕಿಂತ ಹತ್ತಿರದ ಕಥೆ ಇಟಲಿಯ ದಕ್ಷಿಣದ ಪುಲಿಯಾ ಪ್ರಾಂತ್ಯದ್ದು. ಸುಣ್ಣಕಲ್ಲಿನ ನೆಲ, ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ದೊಡ್ಡ ನದಿಗಳಿಲ್ಲ, ಜನ ಮಳೆನೀರಿನ ತೊಟ್ಟಿಗಳನ್ನೇ ನಂಬಿದ್ದರು. ಪಶ್ಚಿಮದ ಸಮುದ್ರಕ್ಕೆ ಹರಿಯುವ ಸೆಲೆ ನದಿಯ ನೀರನ್ನು ಕಾಪೊಸೆಲೆಯ ಬುಗ್ಗೆಗಳಲ್ಲೇ ಹಿಡಿದು, ಅಪೆನೈನ್ ಬೆಟ್ಟದೊಳಗೆ ಸುರಂಗ ತೋಡಿ ಪೂರ್ವಕ್ಕೆ ತಿರುಗಿಸಲು 1906ರಲ್ಲಿ ಕೆಲಸ ಆರಂಭವಾಯಿತು. 1915ರ ಏಪ್ರಿಲ್‌ನಲ್ಲಿ ಬಾರಿ ನಗರದ ಕಾರಂಜಿಯಲ್ಲಿ ನೀರು ಚಿಮ್ಮಿತು. ದಕ್ಷಿಣದ ತುದಿಯಾದ ಲೇವುಕಾವನ್ನು ಮುಟ್ಟಲು ಇನ್ನೂ ಎರಡು ದಶಕಗಳೇ ಹಿಡಿದವು.

ನೀರು ಸಾಗುವುದು ನೆಲದಡಿಯ ಕಟ್ಟಡದ ಕಾಲುವೆಯಲ್ಲಿ, ಬಹುಮಟ್ಟಿಗೆ ಗುರುತ್ವದಿಂದಲೇ. ಅದನ್ನು ನೋಡಿಕೊಳ್ಳುವ ಸಿಬ್ಬಂದಿಗಾಗಿ ಮೇಲೊಂದು ಕಿರಿದಾದ ದಾರಿ ಇತ್ತು. ಆ ದಾರಿಯನ್ನೇ ಕಾಪೊಸೆಲೆಯಿಂದ ಲೇವುಕಾದವರೆಗೆ ಸುಮಾರು 500 ಕಿ.ಮೀ. ಉದ್ದದ ಸೈಕಲ್ ಮಾರ್ಗವಾಗಿ ರೂಪಿಸುವ ಯೋಜನೆ ಭಾಗ ಭಾಗವಾಗಿ ನಡೆದು ಬಂದಿದೆ. ಶಂಕುವಿನಾಕಾರದ ಕಲ್ಲಿನ ಛಾವಣಿಯ ಮನೆಗಳಿರುವ ಇಟ್ರಿಯಾ ಕಣಿವೆಯಲ್ಲಿ ಅದರ ಮೇಲೆ ಸೈಕಲ್ಲುಗಳು ಓಡುತ್ತಿವೆ. ಸ್ಪೇನಿನ ರೈಲು ಸತ್ತ ಮೇಲೆ ದಾರಿ ತೆರೆಯಿತು. ಪುಲಿಯಾದಲ್ಲಿ ನೀರು ತನ್ನ ಕೆಲಸ ಮಾಡುತ್ತಿರುವಾಗಲೇ ತೆರೆಯಿತು.

ಮಲಪ್ರಭೆಯ ದಂಡೆ

ಸವದತ್ತಿ ತಾಲ್ಲೂಕಿನಲ್ಲಿ ರೈಲು ಹಳಿಯೇ ಇಲ್ಲ; ಹಾಗಾಗಿ ಪಾಳುಬಿದ್ದ ಹಳಿಯ ಪ್ರಶ್ನೆ ಬಾರದು. ನೀರಿನ ದಾರಿಯಂತೂ ಇದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಗೆ ನವಿಲುತೀರ್ಥದ ಕಣಿವೆಯಲ್ಲಿ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಎದ್ದಿತು. ರೇಣುಕಾಸಾಗರ ಎಂಬ ಹೆಸರಿನ ಈ ಜಲಾಶಯದಿಂದ ಎಡದಂಡೆ, ಬಲದಂಡೆ ಕಾಲುವೆಗಳು ಹೊರಡುತ್ತವೆ. ಎರಡೂ ನೂರು ಕಿ.ಮೀ. ಮೀರಿ ಸಾಗುತ್ತವೆ. ಇಳಿಜಾರು ಹೆಚ್ಚಾದರೆ ನೀರು ದಂಡೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಆದ್ದರಿಂದ ಕಾಲುವೆ ನೆಲದ ಸಮಮಟ್ಟದ ಗೆರೆಯನ್ನು ಹಿಡಿದು ಬಳಸುತ್ತದೆ. ಪಕ್ಕದ ತಪಾಸಣಾ ದಾರಿಯೂ ಹಾಗೆಯೇ ಬಳಸುತ್ತದೆ.

ಆದರೆ ಈ ಕಾಲುವೆಗೆ ಇನ್ನೊಂದು ಚರಿತ್ರೆಯಿದೆ. ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದ ಬಂಡಾಯದಲ್ಲಿ ಗೋಲಿಬಾರ್ ಆಗಿ ಪ್ರಾಣಗಳು ಹೋದವು. ಕಾಲುವೆ ಇದ್ದರೂ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ ಎಂಬುದು ಅಂದಿನ ದೂರುಗಳಲ್ಲೊಂದು. ಆದ್ದರಿಂದ ದಂಡೆಯ ದಾರಿಯ ಬಗ್ಗೆ ಮಾತನಾಡುವವರು ಮೊದಲು ಒಪ್ಪಬೇಕಾದ್ದು, ಅದು ನೀರಿನದು, ಹೊಲದವರದು ಎಂಬುದನ್ನು. ಚಕ್ಕಡಿಯನ್ನು ತಡೆದು ಪ್ರವಾಸಿಗೆ ದಾರಿ ಬಿಡುವ ಯೋಜನೆ ಇಲ್ಲಿ ನಿಲ್ಲಲಾರದು, ನಿಲ್ಲಲೂಬಾರದು.

ಹಾಗಿದ್ದರೆ ಯಾರಿಗಾಗಿ ಈ ಮಾತು? ಕರ್ನಾಟಕದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಮೊದಲ ಬಾರಿ ಸೈಕಲ್ ಏರಿದ್ದು ಆಗಲೇ. ಸೈಕಲ್ ಕೊಟ್ಟೆವು, ತುಳಿಯಲು ದಾರಿ ಕೊಡಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಹೇರಿಕೊಂಡ ಟ್ರ್ಯಾಕ್ಟರುಗಳ ಪಕ್ಕದಲ್ಲಿ ಆ ಮಕ್ಕಳು ರಸ್ತೆಯಂಚಿನ ಮಣ್ಣಿಗೆ ಇಳಿದು ನಿಲ್ಲುವುದನ್ನು ನೋಡದವರು ನಮ್ಮ ಭಾಗದಲ್ಲಿ ಇಲ್ಲ.

ಬೇಕಾಗಿರುವುದು ದೊಡ್ಡ ಕಾಮಗಾರಿಯೇನಲ್ಲ. ಇಳಿಜಾರಿನ ಕೆಲಸ ಆಗಲೇ ಮುಗಿದಿದೆ, ಉಳಿದದ್ದು ಮೇಲ್ಮೈ. ಎರೆಮಣ್ಣು ಮಳೆಯಲ್ಲಿ ಗಾಲಿಗೆ ಅಂಟಿಕೊಂಡರೆ ಉರುಳು ಘರ್ಷಣೆ ಹಲವು ಪಟ್ಟು ಏರಿ, ಸಮತಟ್ಟಿನ ಲಾಭವೆಲ್ಲ ಕರಗಿಹೋಗುತ್ತದೆ. ಗರಸು ಹಾಕಿ ಬಿಗಿಯಾಗಿ ಕುಟ್ಟಿದ ಎರಡು ಮೀಟರ್ ಅಗಲದ ಪಟ್ಟಿ ಸಾಕು. ಶಾಲೆಗಳಿರುವ ಊರುಗಳ ನಡುವಿನ ತುಂಡುಗಳಿಂದ ಆರಂಭಿಸಬಹುದು. ಜೊತೆಗೆ ಒಂದು ಎಚ್ಚರಿಕೆ: ಕಾಲುವೆಯ ಒಳಮೈ ಕಲ್ಲು, ಕಾಂಕ್ರೀಟಿನಿಂದ ಕೂಡಿ ಪಾಚಿಗಟ್ಟಿರುತ್ತದೆ, ಬಿದ್ದವರು ಹತ್ತಿ ಬರುವುದು ಕಷ್ಟ. ತಿರುವುಗಳಲ್ಲಿ ತಡೆಗಂಬಗಳೂ, ಅಲ್ಲಲ್ಲಿ ಹಿಡಿದು ಹತ್ತಲು ಮೆಟ್ಟಿಲುಗಳೂ ಇಲ್ಲದೆ ಮಕ್ಕಳನ್ನು ಅಲ್ಲಿಗೆ ಕಳಿಸಕೂಡದು.

ಪುಲಿಯಾದ ದಾರಿಯಲ್ಲಿ ಜನ ರಜೆ ಕಳೆಯಲು ಸೈಕಲ್ ತುಳಿಯುತ್ತಾರೆ. ನಮ್ಮ ದಂಡೆಯಲ್ಲಿ ಮೊದಲು ಶಾಲೆಯ ಚೀಲ ಹೊತ್ತ ಮಕ್ಕಳು ತುಳಿಯಲಿ. ಅವರಿಗೆ ಹಿತವಾದ ದಾರಿ, ನವಿಲುತೀರ್ಥವನ್ನೋ ಎಲ್ಲಮ್ಮನ ಗುಡ್ಡವನ್ನೋ ನೋಡಲು ಬರುವ ಸವಾರನಿಗೂ ಹಿತವಾಗಿಯೇ ಇರುತ್ತದೆ.