ಐನೂರು ರೂಪಾಯಿಯ ಗೆರೆ

ಮೊನ್ನೆ ಭದ್ರಾವತಿಗೆ ಹೋಗಿದ್ದಾಗ ನಮ್ಮಜ್ಜಿ ಮೊದಲ ಸಲ ತಮ್ಮ ಜೀವನಾಂಶದ ಕೇಸಿನ ಕಥೆ ಹೇಳಿದ್ರು.

1980ರ ದಶಕ. ತಾತ ಬೇರೆ ಸಂಸಾರ ಹೂಡಿದ್ರಂತೆ. ಊರಲ್ಲೇ ವಕೀಲರಿದ್ರೂ, ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಸುದ್ದಿಯಾದೀತು ಅಂತ ಅಜ್ಜಿ ಬಸ್ಸು ಹತ್ತಿ ಶಿವಮೊಗ್ಗದ ವಕೀಲರ ಹತ್ತಿರ ಹೋದ್ರು. ಖರ್ಚಿನ ಚೀಟಿ ನೋಡಿದ ವಕೀಲರು, "ನಿಮಗೆ ಅಂತ ತಿಂಗಳಿಗೆ ಐನೂರಕ್ಕಿಂತ ಹೆಚ್ಚು ಕೇಳೋ ಹಾಗಿಲ್ಲಮ್ಮ" ಅಂದ್ರು. ಅವರು ತಾತನ ಕಡೆ ಸೇರ್ಕೊಂಡಿದ್ದಾರೆ ಅಂತಲೇ ಅಜ್ಜಿ ಇಷ್ಟು ವರ್ಷ ನಂಬಿದ್ರು.

ನಾನು ಕಾನೂನು ಕೆದಕಿ ನೋಡಿದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನಲ್ಲಿದ್ದ ಜೀವನಾಂಶದ ಮಿತಿ 1955ರಲ್ಲಿ 500 ರೂಪಾಯಿ ಆಯ್ತು. 1973ರ ಹೊಸ ಸಂಹಿತೆಯ 125ನೇ ಕಲಮಿಗೂ ಅದೇ 500 ಬಂತು. ಅಕ್ಕಿ, ಬೇಳೆ, ಬಾಡಿಗೆ ಎಲ್ಲ ಏರಿದ್ರೂ ಕೇಂದ್ರದ ಕಾನೂನಿನ ಆ ಗೆರೆ ಅಳಿಸಿದ್ದು 2001ರಲ್ಲಿ, 46 ವರ್ಷಗಳ ಮೇಲೆ!

ವಕೀಲರು ನಿಜವನ್ನೇ ಹೇಳಿದ್ರು. ಯಾಕೆ ಅಂತ ಬಿಡಿಸಿ ಹೇಳಿರಲಿಲ್ಲ, ಅಷ್ಟೆ.

ಇದನ್ನೆಲ್ಲ ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಅವರ ಫೀಸಲ್ಲಿ ಇನ್ನೂರು ರೂಪಾಯಿ ಬಾಕಿ ಉಳಿಸ್ಕೊಂಡುಬಿಟ್ಟಿದ್ದೆ ಕಣೋ" ಅಂದ್ರು.